ಮನೆಯ ಕಂಪ್ಯೂಟರ್ ಪದೇ ಪದೇ ಕ್ರ್ಯಾಶ್ ಆಗುತ್ತಿದೆಯೇ? ಫಾರ್ಮ್ಯಾಟ್ ಹೊಡೆಸುವ ಮೊದಲು ಈ ಕ್ರಮದಲ್ಲಿ ನೋಡಿ

ಮಳೆಗಾಲ ಶುರುವಾಗಿ ಒಂದು ತಿಂಗಳಾಗುವುದರೊಳಗೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಪರಿಚಯದವರಿಂದ ನನಗೆ ಒಂದೇ ಥರದ ಫೋನ್ ಬರುತ್ತದೆ. "ಕಂಪ್ಯೂಟರ್ ತನ್ನಷ್ಟಕ್ಕೇ ರಿಸ್ಟಾರ್ಟ್ ಆಗ್ತದೆ. ಎರಡು ಸಲ ಫಾರ್ಮ್ಯಾಟ್ ಹೊಡೆಸಿದೆ. ಎಂಟು ದಿನ ಸರಿ ಇತ್ತು, ಮತ್ತೆ ಅದೇ." ಶಿರಸಿ, ಸಿದ್ದಾಪುರದ ಕಡೆಯಿಂದಲೂ ಇದೇ ಮಾತು.

ತಪ್ಪು ಎಲ್ಲಿ ಆಗುತ್ತಿದೆ ಅಂದರೆ, ಎಲ್ಲರೂ ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡುತ್ತಿದ್ದಾರೆ. ಫಾರ್ಮ್ಯಾಟ್ ಮಾಡಿದರೆ ಕ್ರ್ಯಾಶ್ ಬಗ್ಗೆ ವಿಂಡೋಸ್ ಬರೆದಿಟ್ಟ ದಾಖಲೆಯೆಲ್ಲ ಅಳಿಸಿಹೋಗುತ್ತದೆ. ನಮ್ಮ ಕಡೆ ನಾನು ನೋಡಿದ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ತೊಂದರೆ ಇದ್ದದ್ದು ವಿಂಡೋಸ್‌ನಲ್ಲಿ ಅಲ್ಲ. ಕರೆಂಟ್‌ನಲ್ಲಿ, ಅರ್ಥಿಂಗ್‌ನಲ್ಲಿ, ಉಪ್ಪುಗಾಳಿಗೆ ಮಂಕಾದ ಪಿನ್ನುಗಳಲ್ಲಿ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಒಂದೇ ದಿನ ರ‍್ಯಾಮ್ ಬದಲಿಸಿ, ಡ್ರೈವರ್ (ಒಂದೊಂದು ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ಪ್ರೋಗ್ರಾಂ) ಹಾಕಿ, ಕೇಬಲ್ ತೆಗೆದು ಹಾಕಿದರೆ, ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಮೊದಲೇ ಕೈಯಲ್ಲಿ ಇರಬೇಕಾದದ್ದು

ನಕ್ಷತ್ರ ಮೂತಿಯ ಸ್ಕ್ರೂಡ್ರೈವರ್ ಒಂದು. ಮೆತ್ತಗಿನ ಒಣ ಬ್ರಷ್, ಹೊಸ ಪೇಂಟ್ ಬ್ರಷ್ ಆದರೂ ಸಾಕು. 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನ ಸಣ್ಣ ಬಾಟಲಿ. ಮಕ್ಕಳ ಬಿಳಿ ರಬ್ಬರ್. ಪ್ರೊಸೆಸರ್ ಮತ್ತು ಅದರ ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್‌ನ ಸಣ್ಣ ಟ್ಯೂಬ್. 8 ಜಿಬಿ ಪೆನ್‌ಡ್ರೈವ್. ಸಿಆರ್2032 ಬಟನ್ ಸೆಲ್. ಟಾರ್ಚ್. ಒಂದು ನೋಟ್‌ಬುಕ್ ಮತ್ತು ಪೆನ್.

ಸ್ಯಾನಿಟೈಸರ್, ಸ್ಪಿರಿಟ್, ಸೆಂಟ್ ಬಾಟಲಿ ಯಾವುದೂ ಐಸೊಪ್ರೊಪೈಲ್ ಬದಲಿಗೆ ಆಗುವುದಿಲ್ಲ. ಅವುಗಳಲ್ಲಿ ನೀರು, ಎಣ್ಣೆ ಅಥವಾ ಬೇರೆ ಏನಾದರೂ ಸೇರಿರುತ್ತದೆ.

ಹಂತ 1: ಮುಖ್ಯವಾದ ಫೈಲ್‌ಗಳ ಪ್ರತಿ ತೆಗೆಯಿರಿ

ಉಳಿದದ್ದೆಲ್ಲ ಆಮೇಲೆ. ಫೋಟೋ, ತೋಟದ ಲೆಕ್ಕ, ಮಕ್ಕಳ ಪ್ರಾಜೆಕ್ಟ್, ಸೊಸೈಟಿ ಕಾಗದಪತ್ರದ ಸ್ಕ್ಯಾನ್, ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಹಾಕಿ. ಕ್ರ್ಯಾಶ್‌ಗೆ ಕಾರಣ ಹಾರ್ಡ್‌ಡಿಸ್ಕೇ ಆಗಿದ್ದರೆ ಅದಕ್ಕೆ ಉಳಿದಿರುವುದು ಕೆಲವೇ ಗಂಟೆ ಇರಬಹುದು. ನಕಲು ಮಾಡುವಾಗ ಯಾವುದೋ ಒಂದು ಫೋಲ್ಡರ್‌ನಲ್ಲಿ ಪದೇ ಪದೇ ನಿಂತುಬಿಟ್ಟರೆ ಅದನ್ನು ಬಿಟ್ಟು ಉಳಿದದ್ದನ್ನು ಮೊದಲು ತೆಗೆಯಿರಿ. ಹಾಗೆ ನಿಂತದ್ದನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ, 7ನೇ ಹಂತಕ್ಕೆ ಅದು ಬೇಕಾಗುತ್ತದೆ.

ಹಂತ 2: ಮೂರು ನಾಲ್ಕು ಕ್ರ್ಯಾಶ್‌ಗಳನ್ನು ಬರೆದುಕೊಳ್ಳಿ

ದಿನಾಂಕ, ಹೊತ್ತು, ಆಗ ಏನು ಮಾಡುತ್ತಿದ್ದಿರಿ, ಹೊರಗೆ ಮಳೆ ಇತ್ತಾ, ಪಂಪ್ ಅಥವಾ ಫ್ರಿಜ್ ಶುರುವಾಯಿತಾ, ಲೈಟ್ ಡಿಮ್ ಆಯಿತಾ. ಇಷ್ಟೇ ಸಾಲು. ಜೊತೆಗೆ ಕ್ರ್ಯಾಶ್ ಯಾವ ಥರದ್ದು ಅಂತ ಬರೆಯಿರಿ. ಥರ ಮೂರೇ.

ಒಂದು, ಸ್ವಿಚ್ ತೆಗೆದ ಹಾಗೆ ಪಟ್ ಅಂತ ಆಫ್ ಆಗುವುದು ಅಥವಾ ರಿಸ್ಟಾರ್ಟ್ ಆಗುವುದು. ಇದಕ್ಕೆ ಕರೆಂಟ್, ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಅಥವಾ ಬಿಸಿ ಕಾರಣ ಇರುವುದು ಜಾಸ್ತಿ. ಎರಡು, ಚಿತ್ರ ಹಾಗೇ ನಿಂತು ಮೌಸ್ ಸಹ ಅಲ್ಲಾಡದಿರುವುದು. ಇದರಲ್ಲಿ ರ‍್ಯಾಮ್, ಡಿಸ್ಕ್, ಗ್ರಾಫಿಕ್ಸ್ ಮೇಲೆ ಅನುಮಾನ. ಮೂರು, ನೀಲಿ ಪರದೆ. ವಿಂಡೋಸ್ 11ರ ಹೊಸ ಅಪ್‌ಡೇಟ್‌ಗಳಲ್ಲಿ ಇದೇ ಪರದೆ ಕಪ್ಪು ಬಣ್ಣದಲ್ಲಿ ಬರುತ್ತದೆ.

ನೀಲಿ ಪರದೆ ಕಣ್ಣಿಗೆ ಬೀಳುವ ಮೊದಲೇ ಮಾಯವಾಗುತ್ತಿದ್ದರೆ ಹೀಗೆ ಮಾಡಿ. 'ದಿಸ್ ಪಿಸಿ' ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಅಲ್ಲಿ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅದರೊಳಗೆ ಸ್ಟಾರ್ಟ್‌ಅಪ್ ಅಂಡ್ ರಿಕವರಿ. 'ಆಟೋಮ್ಯಾಟಿಕಲಿ ರಿಸ್ಟಾರ್ಟ್' ಎದುರಿನ ಟಿಕ್ ತೆಗೆಯಿರಿ. ಇನ್ನು ಮುಂದೆ ಪರದೆ ನಿಂತಿರುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಹಂತ 3: ವಿಂಡೋಸ್ ಬರೆದಿಟ್ಟದ್ದನ್ನು ಓದಿ

ಸರ್ಚ್‌ನಲ್ಲಿ ರಿಲಯಬಿಲಿಟಿ ಎಂದು ಹುಡುಕಿ 'ವ್ಯೂ ರಿಲಯಬಿಲಿಟಿ ಹಿಸ್ಟರಿ' ತೆರೆಯಿರಿ. ದಿನದ ಪ್ರಕಾರ ಕೆಂಪು ಗುರುತುಗಳು ಕಾಣುತ್ತವೆ. ಕ್ರ್ಯಾಶ್ ಶುರುವಾದ ದಿನದ ಹಿಂದುಮುಂದು ಯಾವ ಅಪ್‌ಡೇಟ್, ಯಾವ ಪ್ರೋಗ್ರಾಂ ಬಂತು ಅಂತ ಅಲ್ಲೇ ಸಿಗುತ್ತದೆ.

ಹೆಚ್ಚು ವಿವರ ಬೇಕೆಂದರೆ ಈವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಇಲ್ಲಿ 'ಕರ್ನಲ್ ಪವರ್ 41' ನೋಡಿ ಬಹಳ ಜನ ಹೆದರುತ್ತಾರೆ. ಅದರ ಅರ್ಥ ಇಷ್ಟೇ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು. ಯಾಕೆ ಅಂತ ಅದು ಹೇಳುವುದಿಲ್ಲ. ಅದರ ಡೀಟೇಲ್ಸ್‌ನಲ್ಲಿ 'ಬಗ್‌ಚೆಕ್ ಕೋಡ್' ಸೊನ್ನೆ ಇದ್ದರೆ ವಿಂಡೋಸ್‌ಗೆ ದೂರು ಬರೆಯುವುದಕ್ಕೂ ಸಮಯ ಸಿಗಲಿಲ್ಲ ಅಂತ ತಿಳಿಯಿರಿ. ಆಗ 4ನೇ ಹಂತವನ್ನು ತುಂಬಾ ನಿಧಾನವಾಗಿ ಮಾಡಿ.

ನೀಲಿ ಪರದೆಯ ಕೆಲವು ಹೆಸರುಗಳು ದಾರಿ ತೋರಿಸುತ್ತವೆ. 'ಮೆಮೊರಿ ಮ್ಯಾನೇಜ್‌ಮೆಂಟ್' ಬಂದರೆ ಮೊದಲು ರ‍್ಯಾಮ್ ನೋಡಿ. 'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಡಿಸ್ಕ್ ಅಥವಾ ಅದರ ಕೇಬಲ್ ಕಡೆ. 'ವಿಡಿಯೋ ಟಿಡಿಆರ್ ಫೇಲ್ಯೂರ್' ಗ್ರಾಫಿಕ್ಸ್. 'ಡಬ್ಲ್ಯೂಎಚ್‌ಇಎ ಅನ್‌ಕರೆಕ್ಟಬಲ್ ಎರರ್' ಬಂದರೆ ಹಾರ್ಡ್‌ವೇರ್ ಕಡೆಯ ದೋಷ ಅಂತಲೇ ಹಿಡಿಯಿರಿ, ಫಾರ್ಮ್ಯಾಟ್‌ನಿಂದ ಅದು ಹೋಗುವುದು ಅಪರೂಪ. ಪ್ರತಿ ಸಲ ಬೇರೆ ಬೇರೆ ಹೆಸರು ಬರುತ್ತಿದೆಯಾ? ಅದು ರ‍್ಯಾಮ್ ಅಥವಾ ಕರೆಂಟ್‌ನ ಲಕ್ಷಣ. ಡ್ರೈವರ್ ತಪ್ಪಾಗಿದ್ದರೆ ಸಾಮಾನ್ಯವಾಗಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ.

ಹಂತ 4: ಗೋಡೆಯಿಂದ ಶುರು ಮಾಡಿ

ಈ ಹಂತವನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಮೊದಲು ಅರ್ಥಿಂಗ್. ಕಂಪ್ಯೂಟರ್ ಆನ್ ಇದ್ದಾಗ ಕ್ಯಾಬಿನೆಟ್‌ನ ಲೋಹ ಮುಟ್ಟಿದರೆ ಕೈ ಜುಂ ಅನ್ನುತ್ತಿದೆಯಾ? ಹಾಗಿದ್ದರೆ ಅರ್ಥ್ ಇಲ್ಲ, ಅಥವಾ ಸತ್ತುಹೋಗಿದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ತನ್ನ ಸೋರಿಕೆಯನ್ನು ಅರ್ಥ್ ತಂತಿಗೆ ಬಿಡುವ ಹಾಗೆ ಮಾಡಿರುತ್ತಾರೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೇಲೇ ಉಳಿಯುತ್ತದೆ. ಯುಎಸ್‌ಬಿ ತನ್ನಷ್ಟಕ್ಕೇ ಕಳಚಿ ಸೇರುವುದು, ಸ್ಪೀಕರ್ ಗುಂಯ್ ಅನ್ನುವುದು, ಕಾರಣವಿಲ್ಲದೆ ಹ್ಯಾಂಗ್ ಆಗುವುದಕ್ಕೆ ಇದೂ ಕಾರಣ ಆಗಬಹುದು. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಓಡಿಸುತ್ತಿದ್ದರೆ ಇವತ್ತೇ ನಿಲ್ಲಿಸಿ.

ಎಲೆಕ್ಟ್ರಿಷಿಯನ್ ಕರೆದು ಮಲ್ಟಿಮೀಟರ್‌ನಲ್ಲಿ ಮೂರು ಅಳತೆ ತೆಗೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಮ್ಮಿ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಈ ಕೆಲಸ ಗೊತ್ತಿಲ್ಲದವರು ತಾವೇ ಮಾಡಬೇಡಿ. ನಮ್ಮ ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥ್ ಏಪ್ರಿಲ್, ಮೇ ಹೊತ್ತಿಗೆ ಕೆಲಸ ಮಾಡುವುದಿಲ್ಲ. ಆ ಎರಡು ತಿಂಗಳು ಅರ್ಥ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ.

ಆಮೇಲೆ ವೋಲ್ಟೇಜ್. ಸಂಜೆ ಏಳರಿಂದ ಹತ್ತರವರೆಗೆ ಒಮ್ಮೆ, ತೋಟದ ಪಂಪ್ ಓಡುವಾಗ ಒಮ್ಮೆ ಅಳೆಯಿರಿ. 200ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ, ಅಥವಾ ಪಂಪ್ ಶುರುವಾದ ಗಳಿಗೆಯಲ್ಲೇ ಕ್ರ್ಯಾಶ್ ಆಗುತ್ತಿದ್ದರೆ, ಕಾರಣ ಸಿಕ್ಕ ಹಾಗೆ. ಸ್ಟೆಬಿಲೈಸರ್ ಇರುವ ಒಳ್ಳೆಯ ಯುಪಿಎಸ್ ಬೇಕು.

ಯುಪಿಎಸ್ ಈಗಾಗಲೇ ಇದೆ ಅನ್ನುವವರು ಅದನ್ನೇ ಪರೀಕ್ಷೆ ಮಾಡಿ. ಎಲ್ಲ ಕೆಲಸ ಸೇವ್ ಮಾಡಿ, ಒಂದು ವಿಡಿಯೋ ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿ. ತಕ್ಷಣ ಕಂಪ್ಯೂಟರ್ ಸತ್ತರೆ ಬ್ಯಾಟರಿ ಮುಗಿದಿದೆ. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ ಇರುತ್ತದೆ, ಎರಡು ಮೂರು ವರ್ಷದಲ್ಲಿ ಸೋಲುತ್ತದೆ. ಲೇಸರ್ ಪ್ರಿಂಟರ್ ಯುಪಿಎಸ್‌ಗೆ ಹಾಕಬೇಡಿ, ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟ್ ಜಾಸ್ತಿ. ಕೊನೆಗೆ ಒಂದು ದಿನ ಯುಪಿಎಸ್ ಮತ್ತು ಎಕ್ಸ್‌ಟೆನ್ಶನ್ ಬೋರ್ಡ್ ಎರಡನ್ನೂ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ಓಡಿಸಿ ನೋಡಿ. ಗುಡುಗು ಇಲ್ಲದ ದಿನ ಮಾತ್ರ. ನನ್ನ ಸ್ವಂತ ಕಂಪ್ಯೂಟರ್ ಮೂರು ತಿಂಗಳು ಕಾಡಿದ್ದು ಒಂದು ಹಳೆಯ ಎಕ್ಸ್‌ಟೆನ್ಶನ್ ಬೋರ್ಡ್‌ನಿಂದ. ಒಳಗಿನ ಹಿತ್ತಾಳೆ ಪಟ್ಟಿಗೆ ಹಸಿರು ಹಿಡಿದು ಪ್ಲಗ್ ಸಡಿಲವಾಗಿತ್ತು. ಅಷ್ಟರೊಳಗೆ ನಾನು ರ‍್ಯಾಮ್ ಸಹ ಹೊಸದು ತಂದಿದ್ದೆ.

ಎಚ್ಚರಿಕೆ: ಸಾಕೆಟ್ ಹತ್ತಿರ ಸುಟ್ಟ ವಾಸನೆ, ಪ್ಲಗ್ ಮುಟ್ಟಿದರೆ ಬಿಸಿ, ಚಟಪಟ ಶಬ್ದ, ಇವುಗಳಲ್ಲಿ ಯಾವುದೇ ಇದ್ದರೂ ಮುಂದಿನ ಹಂತಕ್ಕೆ ಹೋಗಬೇಡಿ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಯಿರಿ.

ಹಂತ 5: ಕ್ಯಾಬಿನೆಟ್ ತೆರೆದು ಸ್ವಚ್ಛ ಮಾಡಿ

ನಾವೆಲ್ಲ ಸಿಪಿಯು ಅಂತ ಕರೆಯುವ ಆ ಡಬ್ಬವನ್ನು ತೆರೆಯುವ ಮೊದಲು ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಆಮೇಲೆ ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಪೇಂಟ್ ಇಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮುಂದುವರಿಯಿರಿ. ಮಳೆ ಹೊಡೆಯುವ ಜಗಲಿಯಲ್ಲಿ ಕೂತು ಈ ಕೆಲಸ ಬೇಡ.

ಒಳಗೆ ಏನು ಕೈ ಹಾಕುವ ಮೊದಲೂ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಯಾವ ತಂತಿ ಎಲ್ಲಿತ್ತು ಅನ್ನುವುದು ನೆನಪಿನಲ್ಲಿ ಉಳಿಯುವುದಿಲ್ಲ.

ಈಗ ಟಾರ್ಚ್ ಹಿಡಿದು ನೋಡಿ. ಕೋಡಿಬಾಗ, ಬೈತಖೋಲದ ಹಾಗೆ ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ ಸ್ಕ್ರೂ ತಲೆಗೆ ತುಕ್ಕು, ಪೋರ್ಟ್‌ಗಳ ಅಂಚಿಗೆ ಬಿಳಿ ಪುಡಿ, ತಾಮ್ರ ಕಾಣುವ ಕಡೆ ಹಸಿರು ಕಲೆ ಇರುತ್ತದೆ. ಉಪ್ಪು ಗಾಳಿಯ ತೇವ ಹೀರುತ್ತದೆ, ತೇವ ಸೇರಿದ ಉಪ್ಪು ಕರೆಂಟ್ ಹರಿಸುತ್ತದೆ. ಮಳೆಗಾಲದಲ್ಲೇ ಈ ತೊಂದರೆ ಜಾಸ್ತಿ ಆಗುವುದಕ್ಕೆ ಇದು ಕಾರಣ. ಘಟ್ಟದ ಮೇಲಿನ ಮನೆಗಳಲ್ಲಿ ಬೇರೆ ಥರ. ಬಚ್ಚಲ ಒಲೆಯ ಹೊಗೆ, ಅಡಿಕೆ ಸುಲಿಯುವ ಹಂಗಾಮಿನ ಧೂಳು ಸೇರಿ ಫ್ಯಾನ್ ಮೇಲೆ ಜಿಡ್ಡಿನ ಪದರ ಕೂತಿರುತ್ತದೆ. ಇರುವೆ ಗೂಡು, ಹಲ್ಲಿ ಮೊಟ್ಟೆ ಎರಡೂ ಕಡೆ ಸಿಗುತ್ತವೆ. ಹಲ್ಲಿ ಹಿಕ್ಕೆ ಬೋರ್ಡ್ ಮೇಲೆ ಬಿದ್ದಿದ್ದರೆ ಅದನ್ನು ಸುಮ್ನೆ ಉದುರಿಸಿ ಬಿಡಬೇಡಿ. ಅದರ ಕೆಳಗಿನ ಜಾಗವನ್ನು ಆಲ್ಕೋಹಾಲ್‌ನಿಂದ ಒರೆಸಿ, ಅದು ಲೋಹವನ್ನು ತಿನ್ನುತ್ತದೆ.

ಕ್ರಮ ಹೀಗಿರಲಿ. ಮೊದಲು ಒಣ ಬ್ರಷ್‌ನಿಂದ ಧೂಳು ಸಡಿಲ ಮಾಡಿ. ಬ್ಲೋವರ್ ಇದ್ದರೆ ದೂರದಿಂದ ಊದಿ, ಆಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ತಿರುಗಲು ಬಿಡಬೇಡಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಹೋಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಆಮೇಲೆ ರ‍್ಯಾಮ್ ಕಳಚಿ, ಚಿನ್ನದ ಬಣ್ಣದ ಪಟ್ಟಿಯನ್ನು ಬಿಳಿ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ, ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಸ್ಲಾಟ್ ಒಳಗೆ ರಬ್ಬರ್ ಹಾಕಬೇಡಿ, ಬ್ರಷ್ ಸಾಕು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೂ ಹೀಗೇ.

ಮದರ್‌ಬೋರ್ಡ್‌ನ ಉದ್ದದ 24 ಪಿನ್ ಕನೆಕ್ಟರ್, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್, ಡಿಸ್ಕ್‌ನ ಸಾಟಾ ಕೇಬಲ್, ಎಲ್ಲವನ್ನೂ ಕಳಚಿ ನೋಡಿ ಮತ್ತೆ ಕ್ಲಿಕ್ ಅನ್ನುವವರೆಗೆ ಒತ್ತಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಬಿಸಿಯಾಗಿದೆ ಅಂತ ಅರ್ಥ. ಸಿಲಿಂಡರ್ ಆಕಾರದ ಕೆಪಾಸಿಟರ್‌ಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ, ಕಂದು ದ್ರವ ಸೋರಿದ್ದರೆ ಕ್ರ್ಯಾಶ್‌ನ ಮೂಲ ಅಲ್ಲೇ ಇರುವ ಸಾಧ್ಯತೆ ತುಂಬಾ. ಗಡಿಯಾರ ಪದೇ ಪದೇ ಹಿಂದಿನ ವರ್ಷಕ್ಕೆ ಹೋಗುತ್ತಿದ್ದರೆ ಬಟನ್ ಸೆಲ್ ಸಹ ಈಗಲೇ ಬದಲಿಸಿ.

ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಹೊರಗಿನಿಂದ ಬ್ರಷ್ ಆಡಿಸಿ, ಅಷ್ಟೇ.

ಎಲ್ಲ ಜೋಡಿಸಿ, ಒಂದು ಗಂಟೆ ಒಣಗಲು ಬಿಟ್ಟು, ಆಮೇಲೆ ಆನ್ ಮಾಡಿ. ಈಗ ಒಂದು ವಾರ ಬೇರೆ ಏನೂ ಮಾಡದೆ ನೋಡಿ. ಅರ್ಧದಷ್ಟು ಕಂಪ್ಯೂಟರ್‌ಗಳು ಇಲ್ಲಿಗೇ ಸರಿಯಾದದ್ದನ್ನು ನಾನು ನೋಡಿದ್ದೇನೆ.

ಹಂತ 6: ಬಿಸಿ ಅಳೆಯಿರಿ, ರ‍್ಯಾಮ್ ಪರೀಕ್ಷಿಸಿ

ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ಪ್ರೋಗ್ರಾಂ ಹಾಕಿ ಪ್ರೊಸೆಸರ್‌ನ ಬಿಸಿ ನೋಡಿ. ಸುಮ್ಮನಿದ್ದಾಗ 35ರಿಂದ 50 ಡಿಗ್ರಿ, ದುಡಿಯುವಾಗ 80ರವರೆಗೆ ಇದ್ದರೆ ಚಿಂತೆಯಿಲ್ಲ. ನಮ್ಮ ಸೆಕೆಗೆ ನಾಲ್ಕೈದು ಡಿಗ್ರಿ ಹೆಚ್ಚು ಬರಬಹುದು. 95 ದಾಟಿ ಆಮೇಲೆ ಪಟ್ ಅಂತ ಆಫ್ ಆದರೆ ಬಿಸಿಯೇ ಕಾರಣ.

ಆಗ ಕೂಲರ್ ಕಳಚಿ, ಒಣಗಿದ ಪೇಸ್ಟ್ ಒರೆಸಿ, ತೊಗರಿಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಕೂರಿಸಿ. ಇಂಟೆಲ್ ಜೊತೆ ಬರುವ ಹಳೆಯ ಕೂಲರ್‌ಗಳಿಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಅದರಲ್ಲಿ ಒಂದು ಕೂರದಿದ್ದರೂ ಬಿಸಿ ಏರುತ್ತದೆ. ಇನ್ನೊಂದು ಮಾತು: ಕಂಪ್ಯೂಟರ್ ಟೇಬಲ್‌ನ ಬಾಗಿಲು ಇರುವ ಗೂಡಿನೊಳಗೆ ಕ್ಯಾಬಿನೆಟ್ ತಳ್ಳಿ ಇಡುವ ರೂಢಿ ಬಿಡಿ. ಗೋಡೆಗೂ ಅದಕ್ಕೂ ಒಂದು ಗೇಣು ಜಾಗ ಬೇಕು.

ರ‍್ಯಾಮ್‌ಗೆ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಕನಿಷ್ಠ ನಾಲ್ಕು ಸುತ್ತು ಮುಗಿಯಬೇಕು. ಒಂದೇ ಒಂದು ಕೆಂಪು ಸಾಲು ಬಂದರೂ ಫೇಲ್. ಎರಡು ಕಡ್ಡಿ ಇದ್ದರೆ ಒಂದೊಂದನ್ನೇ ಒಂದೇ ಸ್ಲಾಟ್‌ನಲ್ಲಿ ಹಾಕಿ ನೋಡಿ. ಯಾವ ಕಡ್ಡಿ ಹಾಕಿದರೂ ಒಂದು ಸ್ಲಾಟ್‌ನಲ್ಲಿ ಮಾತ್ರ ತಪ್ಪು ಬರುತ್ತಿದ್ದರೆ ದೋಷ ಸ್ಲಾಟ್‌ನದ್ದು, ಕಡ್ಡಿಯದ್ದಲ್ಲ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್‌ನಲ್ಲಿ, ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಆಯ್ಕೆ) ಆನ್ ಇದ್ದರೆ ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಅದರಿಂದಲೇ ಸರಿಯಾದರೆ ಖರ್ಚಿಲ್ಲದೆ ಮುಗಿಯಿತು.

ಹಂತ 7: ಡಿಸ್ಕ್‌ನ ಆರೋಗ್ಯ

ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆರೆಯಿರಿ. ನೀಲಿಯಲ್ಲಿ 'ಗುಡ್' ಅಂತ ಇದ್ದರೆ ಒಳ್ಳೆಯದು, ಹಳದಿಯಲ್ಲಿ 'ಕಾಷನ್' ಅಂತ ಇದ್ದರೆ ಹೊಸ ಡಿಸ್ಕ್‌ಗೆ ಸಿದ್ಧರಾಗಿ. 'ರೀಅಲೊಕೇಟೆಡ್' ಮತ್ತು 'ಪೆಂಡಿಂಗ್ ಸೆಕ್ಟರ್' ಸಾಲುಗಳನ್ನು ವಾರಕ್ಕೊಮ್ಮೆ ಬರೆದಿಡಿ. ಏರುತ್ತಾ ಹೋದರೆ ಡಿಸ್ಕ್ ಸಾಯುತ್ತಿದೆ. 'ಸಿಆರ್‌ಸಿ ಎರರ್' ಮಾತ್ರ ಏರುತ್ತಿದ್ದರೆ ಡಿಸ್ಕ್ ಎಸೆಯಬೇಡಿ. ಸಾಮಾನ್ಯವಾಗಿ ಅದು ಸಾಟಾ ಕೇಬಲ್‌ನ ತೊಂದರೆ. ಕೇಬಲ್ ಬದಲಿಸಿ ನೋಡಿ.

ದೊಡ್ಡ ತಪ್ಪು: ಸಾಯುತ್ತಿರುವ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ (ಡಿಸ್ಕ್ ತಪಾಸಣೆ ಮಾಡುವ ವಿಂಡೋಸ್‌ನದೇ ಪ್ರೋಗ್ರಾಂ) ಓಡಿಸುವುದು. ಅದು ಇಡೀ ಡಿಸ್ಕನ್ನು ಉಜ್ಜಿ ನೋಡುತ್ತದೆ, ಉಳಿದ ಫೈಲ್‌ಗಳೂ ಹೋಗಬಹುದು. 1ನೇ ಹಂತ ಮುಗಿಯದೆ ಇದನ್ನು ಮುಟ್ಟಬೇಡಿ.

ಹಂತ 8: ಈಗ ವಿಂಡೋಸ್

ಇಲ್ಲಿಯವರೆಗೆ ಎಲ್ಲ ಸರಿ ಇದ್ದರೆ ಮಾತ್ರ ಇಲ್ಲಿಗೆ ಬನ್ನಿ. ಸೇಫ್ ಮೋಡ್‌ನಲ್ಲಿ, ಅಂದರೆ ತೀರಾ ಬೇಕಾದ ಡ್ರೈವರ್‌ಗಳಷ್ಟೇ ಇರುವ ವಿಂಡೋಸ್‌ನಲ್ಲಿ, ಒಂದೆರಡು ಗಂಟೆ ಓಡಿಸಿ. ಅಲ್ಲಿ ಕ್ರ್ಯಾಶ್ ಇಲ್ಲ, ಮಾಮೂಲಿನಲ್ಲಿ ಇದೆ ಅಂದರೆ ಡ್ರೈವರ್ ಅಥವಾ ಯಾವುದೋ ಪ್ರೋಗ್ರಾಂ. 3ನೇ ಹಂತದಲ್ಲಿ ಕಂಡ ದಿನಾಂಕ ಈಗ ಉಪಯೋಗಕ್ಕೆ ಬರುತ್ತದೆ. ಆ ದಿನ ಬಂದದ್ದನ್ನು ತೆಗೆಯಿರಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ಜಾಗದಿಂದಲೇ ಇಳಿಸಿ. 'ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ' ಅನ್ನುವ ಪ್ರೋಗ್ರಾಂಗಳಿಂದ ದೂರ ಇರಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ತೆಗೆಯಿರಿ, ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ.

ಇನ್ನೂ ಇದ್ದರೆ ಆಗ ಹೊಸದಾಗಿ ಇನ್‌ಸ್ಟಾಲ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ ಹೊಸದು ಹಾಕುವುದಾದರೆ ಕಂಪ್ಯೂಟರ್‌ಗೆ ವಿಂಡೋಸ್ 11 ಒಗ್ಗುತ್ತದಾ ಅಂತ ಮೊದಲು ನೋಡಿ.

ಹಂತ 9: ಅಂಗಡಿಗೆ ಒಯ್ಯುವಾಗ

ಹೊಸ ವಿಂಡೋಸ್ ಮೇಲೂ ಕ್ರ್ಯಾಶ್ ಉಳಿದರೆ ಬಾಕಿ ಇರುವುದು ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡ್. ಇವುಗಳನ್ನು ಇನ್ನೊಂದನ್ನು ಹಾಕಿಯೇ ನೋಡಬೇಕು. ಎಸ್‌ಎಂಪಿಎಸ್‌ನಿಂದ ಶುರು ಮಾಡಲು ಹೇಳಿ. 12 ವೋಲ್ಟ್ ತಂತಿಯಲ್ಲಿ 11.4ರಿಂದ 12.6ರ ನಡುವೆ ಇರಬೇಕು, ಅದೂ ಕಂಪ್ಯೂಟರ್ ದುಡಿಯುತ್ತಿರುವಾಗ ಅಳೆದರೆ. ಖಾಲಿ ಓಡುವಾಗ ಕೆಟ್ಟ ಎಸ್‌ಎಂಪಿಎಸ್ ಕೂಡ ಸರಿ ತೋರಿಸುತ್ತದೆ.

ನೋಟ್‌ಬುಕ್ ಜೊತೆಗೇ ಕೊಡಿ. "ಫಾರ್ಮ್ಯಾಟ್ ಬೇಡ, ಇಷ್ಟು ನೋಡಿ ಆಗಿದೆ" ಎಂದು ಸ್ಪಷ್ಟವಾಗಿ ಹೇಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ. ಅಂಗಡಿಯಲ್ಲಿ ಎರಡು ದಿನ ಚೆನ್ನಾಗಿ ಓಡಿ, ಮನೆಗೆ ತಂದ ಕೂಡಲೇ ಕ್ರ್ಯಾಶ್ ಆದರೆ ಅಂಗಡಿಯವರ ಮೇಲೆ ಸಿಟ್ಟು ಮಾಡಬೇಡಿ. ಮತ್ತೆ 4ನೇ ಹಂತಕ್ಕೆ ಹೋಗಿ.

ಮಳೆಗಾಲದಲ್ಲಿ ತಪ್ಪದೆ ಮಾಡಬೇಕಾದದ್ದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಇಲ್ಲದಿದ್ದರೂ ದಿನಕ್ಕೆ ಒಂದು ಗಂಟೆ ಕಂಪ್ಯೂಟರ್ ಓಡಿಸಿ. ಅದರ ಬಿಸಿಗೇ ಒಳಗಿನ ತೇವ ಒಣಗುತ್ತದೆ. ಹದಿನೈದು ದಿನ ಮುಚ್ಚಿಟ್ಟ ಕಂಪ್ಯೂಟರ್ ಆನ್ ಮಾಡುವ ಮೊದಲು ಮುಚ್ಚಿದ ಬಟ್ಟೆ ತೆಗೆದು, ಒಂದು ದಿನ ಫ್ಯಾನ್ ಗಾಳಿಗೆ ಬಿಡಿ. ಸಮುದ್ರದ ಕಡೆಯ ಕಿಟಕಿ ಎದುರು ಕ್ಯಾಬಿನೆಟ್ ಇಡಬೇಡಿ.

ಮಳೆ ಶುರುವಾಗುವ ಮುಂಚಿನ ಏಪ್ರಿಲ್, ಮೇ ಮತ್ತು ಮಳೆ ತಿರುಗುವ ಅಕ್ಟೋಬರ್ ಹೊತ್ತಿಗೆ ಸಿಡಿಲು ಜಾಸ್ತಿ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳಿ, ತಲೆ ಮೇಲೆ ಬಂದ ಮೇಲೆ ಪ್ಲಗ್ ಮುಟ್ಟಬೇಡಿ. ಫೈಬರ್ ಇಂಟರ್ನೆಟ್‌ಗೆ ಸಿಡಿಲು ಬರುವುದಿಲ್ಲ ಅಂತ ಸುಮ್ಮನಿರಬೇಡಿ. ಗಾಜಿನ ತಂತಿಯಲ್ಲಿ ಬರುವುದಿಲ್ಲ ನಿಜ. ಆದರೆ ರೌಟರ್‌ನ ಅಡಾಪ್ಟರ್ ಕರೆಂಟ್‌ನಲ್ಲೇ ಇರುತ್ತದೆ, ಅಲ್ಲಿಂದ ಕಂಪ್ಯೂಟರ್‌ಗೆ ಬರುವ ಲ್ಯಾನ್ ಕೇಬಲ್ ತಾಮ್ರದ್ದು. ಅದನ್ನೂ ಕೀಳಿ.